ಚೆನ್ನಮ್ಮ ಅಂತ ಹೆಸರಿಟ್ಟರೆ ಏನಾಗುತ್ತದೆ?

ನಮ್ಮ ತಮ್ಮನಿಗೆ ಹೆಣ್ಣು ಕೂಸು ಹುಟ್ಟಿದೆ. ತೊಟ್ಟಿಲ ಕಾರ್ಯ ಮುಂದಿನ ತಿಂಗಳು. "ಚೆನ್ನಮ್ಮ ಅಂತ ಇಡೋಣ" ಎಂದು ನಾನು ಅಂದಿದ್ದೇ ತಡ, ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಎದ್ದ ಗದ್ದಲ ಇನ್ನೂ ಅಡಗಿಲ್ಲ. ಕೂಸಿನ ಕಿವಿಯಲ್ಲಿ ಕುರ್ರ್ ಅಂತ ಹೆಸರು ಹೇಳಬೇಕಾದ ಸೋದರತ್ತೆ ನಾನೇ. ಅದಕ್ಕೇ ಮನಸ್ಸಿನಲ್ಲಿರುವುದನ್ನು ಪೂರ್ತಿ ಬರೆಯುತ್ತಿದ್ದೇನೆ. ತಮ್ಮ, ಅವನ ಹೆಂಡತಿ ಇಬ್ಬರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ, ಹಾಗಾಗಿ ಯಾರೂ ತಪ್ಪು ತಿಳಿಯಬೇಡಿ.

ಚೆನ್ನಮ್ಮ ನಮ್ಮ ಅಜ್ಜಿಯ ಹೆಸರು, ಅಪ್ಪನ ಅವ್ವ. ಊರಲ್ಲಿ ಎಲ್ಲರ ಬಾಯಲ್ಲೂ ಚೆನ್ನವ್ವ. ಮನೆತನದ ಹಿರಿಯರ ಹೆಸರು ಮೊಮ್ಮಕ್ಕಳಿಗೆ, ಮರಿಮಕ್ಕಳಿಗೆ ಬರುವುದು ನಮ್ಮಲ್ಲಿ ಹೊಸದೇನಲ್ಲ. ಆದರೂ ಬಂದ ಮಾತುಗಳು ಒಂದೆರಡಲ್ಲ. "ಈಗಿನ ಕಾಲದಾಗ ಅದನ್ಯಾರು ಇಡ್ತಾರ, ಆದ್ಯಾ, ಅನ್ವಿ, ಶ್ರಾವ್ಯಾ ಅಂತ ಚೊಲೊ ಚೊಲೊ ಹೆಸರ ಅದಾವಲ್ಲ" ಅಂದರು ಕಾಕಾ. "ಸಾಲ್ಯಾಗ ಹುಡುಗೂರು ಚೆನ್ನಿ ಅಂತ ಕಾಡ್ತಾರ" ಅಂತ ತಮ್ಮನ ಚಿಂತೆ. ಇವೆರಡನ್ನೂ ಕೇಳಿ ಸುಮ್ಮನಿದ್ದೆ. ಕಾಕಾನ ಮಗಳು ಮೆಲ್ಲಗೆ ಇನ್ನೊಂದು ಮಾತು ಹಾಕಿದಳು: "ಅಕ್ಕಾ, ಕೇಳಿದವರು ಕೆಲಸದಾಕಿ ಹೆಸರು ಅಂತ ತಿಳ್ಕೋತಾರ."

ಉಳಿದವರು ಸುತ್ತಿ ಬಳಸಿ ಹೇಳಿದ್ದನ್ನು ಅವಳು ನೇರವಾಗಿ ಹೇಳಿದಳು. ನನ್ನ ತಕರಾರು ಇರುವುದೂ ಅಲ್ಲೇ.

ಹೆಸರು ಹಳೆಯದು ಎಂಬುದೇ ಅಡ್ಡಿಯಾಗಿದ್ದರೆ ಅದಿತಿ ಅಂತ ಯಾರೂ ಇಡಬಾರದಿತ್ತು. ಅದಿತಿ ಋಗ್ವೇದದಲ್ಲಿ ಬರುವ ದೇವತೆ. ಮೈತ್ರೇಯಿ, ಗಾರ್ಗಿ ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯರ ಎದುರು ಕೂತು ಪ್ರಶ್ನೆ ಕೇಳಿದವರು. ಎರಡು ಸಾವಿರ ವರ್ಷಕ್ಕೂ ಹಳೆಯ ಈ ಹೆಸರುಗಳು ಇವತ್ತಿಗೂ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನಲ್ಲಿ ಕೂಗಿದರೂ ಹೊಸದಾಗಿಯೇ ಕೇಳಿಸುತ್ತವೆ. ಇತಿಹಾಸದಲ್ಲಿ ನಮಗೆ ಗೊತ್ತಿರುವ ಕೆಳದಿಯ ಚೆನ್ನಮ್ಮ 17ನೇ ಶತಮಾನದವಳು, ಕಿತ್ತೂರಿನ ಚೆನ್ನಮ್ಮ ಇನ್ನೂ ಈಚಿನವಳು. ಲೆಕ್ಕ ಹಾಕಿದರೆ ಅದಿತಿಯ ಮುಂದೆ ಚೆನ್ನಮ್ಮ ನಿನ್ನೆ ಮೊನ್ನೆಯ ಕೂಸು. ಹಾಗಿದ್ದರೂ ಅಜ್ಜಿ ಕಾಲದ್ದು ಅನ್ನಿಸಿಕೊಳ್ಳುವುದು ಚೆನ್ನಮ್ಮನೇ.

ಕಿವಿಗೆ ಚುಚ್ಚುವುದು ಆ ಕೊನೆಯ ಅಮ್ಮ, ಅವ್ವ, ಅಕ್ಕ. ನಿಂಗವ್ವ, ಕಲ್ಲವ್ವ, ದ್ಯಾಮವ್ವ, ಯಲ್ಲವ್ವ, ಫಕೀರವ್ವ. ಹೊಲದಲ್ಲಿ ಕಳೆ ತೆಗೆಯುವವರ, ಸಂತೆಯಲ್ಲಿ ಕಾಯಿಪಲ್ಲೆ ಮಾರುವವರ, ಬೆಳಗಾಗುವ ಮುಂಚೆ ಪಟ್ಟಣದ ರಸ್ತೆ ಗುಡಿಸುವವರ ಹೆಸರುಗಳಿವು. ಇವರ ಹೆಸರು ನಮ್ಮ ಮಗಳಿಗೆ ಬೇಡ ಅಂದಾಗ ನಾವು ಬೇಡ ಅನ್ನುತ್ತಿರುವುದು ಅವರನ್ನೇ. ಹಳೆಯದು ಅನ್ನುವ ನೆಪ ಮುಂದಿಟ್ಟು, ಬಡವರದು ಅನ್ನುವ ಕಾರಣವನ್ನು ಹಿಂದೆ ಬಚ್ಚಿಡುತ್ತೇವೆ. ನನಗೆ ಸಂಕಟವಾಗುವುದು ಇದಕ್ಕೆ. ಎರಡು ತಲೆಮಾರಿನ ಹಿಂದೆ ನಮ್ಮ ಮನೆಯ ಹೆಂಗಸರೆಲ್ಲ ಇವೇ ಹೆಸರು ಹೊತ್ತು ಇದೇ ಕೆಲಸ ಮಾಡಿದವರು.

ಗಂಡಸರ ಹೆಸರಿಗೆ ಇಷ್ಟು ಕಷ್ಟ ಬರಲಿಲ್ಲ. ನಿಜಲಿಂಗಪ್ಪ, ಬಂಗಾರಪ್ಪ, ಯಡಿಯೂರಪ್ಪ, ಸಿದ್ದರಾಮಯ್ಯ ಎಂಬ ಹೆಸರಿನವರೆಲ್ಲ ಈ ನಾಡಿನ ಮುಖ್ಯಮಂತ್ರಿಗಳಾದರು. ಅಪ್ಪ, ಅಯ್ಯ ಇದ್ದರೆ ಗೌಡಿಕೆಯ ಗತ್ತು, ಅವ್ವ ಇದ್ದರೆ ಹಳ್ಳಿಯ ಗುಗ್ಗು! ಇದ್ಯಾವ ನ್ಯಾಯ? ಈಗ ಗಂಡುಮಕ್ಕಳಿಗೂ ಬಸಪ್ಪ ಅಂತ ಇಡುವವರು ಕಡಿಮೆ, ಅದು ನಿಜ. ಆದರೆ ಬಸವರಾಜ, ಮಲ್ಲಿಕಾರ್ಜುನ ಅಂತಾದರೂ ಆ ಹೆಸರು ಉಳಿದುಕೊಂಡಿತು. ಬಸವ್ವ, ಮಲ್ಲವ್ವ ಮಾತ್ರ ಬೇರು ಸಹಿತ ಹೋದರು. ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ, ಕೊಪ್ಪಳದ ಗೊಂಬೆಯಾಟದ ಭೀಮವ್ವನವರಿಗೆ 2025ರಲ್ಲಿ. ಪ್ರತಿ ಸಲವೂ ನಾವೆಲ್ಲ ಅವರ ಫೋಟೋ ಹಂಚಿಕೊಂಡು ಕೈ ಮುಗಿದೆವು. ಆಗ ಆ ಹೆಸರುಗಳು ಯಾರ ಕಿವಿಗೂ ಚುಚ್ಚಲಿಲ್ಲ.

ಕಿತ್ತೂರಿನ ಚೆನ್ನಮ್ಮನ ವಿಷಯದಲ್ಲಂತೂ ಇದು ಇನ್ನೂ ಹೆಚ್ಚು. ಹುಬ್ಬಳ್ಳಿಯ ನಟ್ಟನಡುವೆ ಚೆನ್ನಮ್ಮ ಸರ್ಕಲ್. ಬೆಂಗಳೂರಿಗೆ ಹೋಗಲು ಹತ್ತುವ ರೈಲು ರಾಣಿ ಚೆನ್ನಮ್ಮ. ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ 2010ರಿಂದ ಆಕೆಯ ಹೆಸರು. 2007ರಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲಿ ಆಕೆಯ ಪ್ರತಿಮೆ ನಿಂತಿತು. ದತ್ತಕ ಒಪ್ಪುವುದಿಲ್ಲ, ಸಂಸ್ಥಾನ ಬಿಡು ಎಂದ ಕಂಪನಿ ಸರ್ಕಾರಕ್ಕೆ ಆಗುವುದಿಲ್ಲ ಅಂದವಳು. 1824ರ ಅಕ್ಟೋಬರ್ 23ರಂದು ಆಕೆಯ ಕೋಟೆಯ ಬಾಗಿಲಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು, ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. 2024ರಲ್ಲಿ ಆ ಯುದ್ಧಕ್ಕೆ 200 ವರ್ಷ ತುಂಬಿದಾಗ ಕಿತ್ತೂರಿನ ಉತ್ಸವದ ಫೋಟೋಗಳನ್ನು ಇದೇ ಗ್ರೂಪಿನಲ್ಲಿ ಎಲ್ಲರೂ ಹಾಕಿದ್ದರು. ಸರ್ಕಲ್ಲಿಗೆ, ರೈಲಿಗೆ, ವಸತಿ ಶಾಲೆಗೆ, ಕ್ರೀಡಾಂಗಣಕ್ಕೆ ಬೇಕಾದ ಹೆಸರು ಮನೆಯ ತೊಟ್ಟಿಲಿಗೆ ಮಾತ್ರ ಬೇಡ ಅಂದರೆ ನಾವು ಗೌರವ ಕೊಡುತ್ತಿರುವುದು ಕುದುರೆಗೋ, ಕತ್ತಿಗೋ, ಆ ಹೆಣ್ಣುಮಗಳಿಗೋ?

ಗ್ರೂಪಿನವರೆಲ್ಲರಿಗೂ ನಾನು ಉತ್ತರ ಕೊಡಬಲ್ಲೆ. ನನ್ನನ್ನು ತಡೆದು ನಿಲ್ಲಿಸಿದ್ದು ನಿಂಗವ್ವ ದೊಡ್ಡವ್ವನ ಮಾತು. ಅವಳಿಗೆ ಎಂಬತ್ತು ದಾಟಿದೆ. ಅವಳಾದರೂ ನನ್ನ ಕಡೆ ಇರುತ್ತಾಳೆ ಅಂದುಕೊಂಡು ಫೋನು ಮಾಡಿದ್ದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನನ್ನ ಹೆಸರು ಯಾರರ ಒದರಿದ್ರ ಅಂದ್ರ ಕೆಲಸ ಬಂತು ಅಂತನ ಅರ್ಥ ಇತ್ತವಾ. ನಿಂಗವ್ವಾ ನೀರು ತಾ, ನಿಂಗವ್ವಾ ದನಾ ಕಟ್ಟು, ನಿಂಗವ್ವಾ ರೊಟ್ಟಿ ಬಡಿ. ಚೆನ್ನವ್ವಂದೂ ಅದೇ ಹಣೇಬರ. ಅಂಥಾ ಹೆಸರು ಆ ಎಳೀ ಕೂಸಿಗ್ಯಾಕ?" ಅಂದಳು.

ಇದು ಕಾಕಾನ ಮಾತಿನಂಥದಲ್ಲ. ಹೆಸರಿನ ಬಗ್ಗೆ ದೊಡ್ಡವ್ವನಿಗೆ ನಾಚಿಕೆಯಿಲ್ಲ, ದಣಿವಿದೆ. ತನ್ನ ಬದುಕು ಕೂಸಿನ ಹತ್ತಿರ ಸುಳಿಯದಿರಲಿ ಎಂಬುದು ಅವಳ ಹರಕೆ. ಅದಕ್ಕೆ ನಾನು ತಲೆ ಬಾಗುತ್ತೇನೆ. ಆದರೆ ನೀರು ತರಿಸಿದ್ದು, ದನ ಕಟ್ಟಿಸಿದ್ದು ಹೆಸರಲ್ಲ, ಕೂಗಿದವರು. ಅದೇ ಹೆಸರನ್ನು ಯಾರಾದರೂ ಬಹುಮಾನ ಕೊಡುವಾಗ, ಅಂಕಪಟ್ಟಿ ಓದುವಾಗ, ಬರೀ ಪ್ರೀತಿಗೆ ಕೂಗಿದ್ದರೆ ದೊಡ್ಡವ್ವನ ಕಿವಿಯಲ್ಲಿ ಅದರ ಸದ್ದೇ ಬೇರೆ ಇರುತ್ತಿತ್ತು. ಅವಳಿಗೆ ಸಿಗದ ಆ ಕೂಗು ಈ ಕೂಸಿಗಾದರೂ ಸಿಗಲಿ ಎಂಬುದು ನನ್ನ ಆಸೆ. ಅಜ್ಜಿಯ ಹೆಸರನ್ನೇ ಹಟ ಹಿಡಿದು ಕೇಳುತ್ತಿರುವುದು ಅದಕ್ಕೇ.

ಅಜ್ಜಿಯ ಹೆಸರು ಅವಳಿದ್ದಾಗಲೂ ಸರಿಯಾಗಿ ಬಳಕೆಯಾಗಲಿಲ್ಲ. ಅಜ್ಜ ಎಂದೂ ಹೆಸರು ಹಿಡಿದು ಕರೆದವರಲ್ಲ. ಸೊಸೆಯಂದಿರು ಅತ್ತೆಯ ಹೆಸರು ಹೇಳುವಂತಿರಲಿಲ್ಲ. ಓಣಿಯವರಿಗೆ ಅವಳು ನಮ್ಮ ದೊಡ್ಡಪ್ಪನ ಅವ್ವ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಒಂದು ಕಡೆ 'ಚೆನ್ನವ್ವ ಕೋಂ ಬಸಪ್ಪ', ಅಂದರೆ ಬಸಪ್ಪನ ಹೆಂಡತಿ ಚೆನ್ನವ್ವ ಅಂತ ಇದೆ, ಅದೂ ಅಜ್ಜ ತೀರಿಕೊಂಡ ಮೇಲೆ ಬಂದದ್ದು. ಇನ್ನೊಂದು ನನ್ನ ಹತ್ತಿರ ಇರುವ ಹಿತ್ತಾಳೆ ತಂಬಿಗೆ, ತವರಿನಿಂದ ಮದುವೆಗೆ ಕೊಟ್ಟಿದ್ದು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಲ್ಲಿ 'ಚೆನ್ನವ್ವ' ಅಂತಿದೆ. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ 'ಚೆ'ಯ ಎತ್ವ ಸವೆದುಹೋಗಿದೆ, ಕೊನೆಯ 'ವ'ಒತ್ತು ಮಾತ್ರ ಬೆರಳಿಗೆ ಇನ್ನೂ ಹತ್ತುತ್ತದೆ. ಯಾರ ಹೆಂಡತಿ ಅಂತಿಲ್ಲ, ಯಾರ ತಾಯಿ ಅಂತಿಲ್ಲ. ಬರೀ ಅವಳ ಹೆಸರು ನಾನು ನೋಡಿದ್ದು ಅದೊಂದರ ಮೇಲೆ.

ಅದಕ್ಕೇ "ತೊಟ್ಟಿಲದಾಗ ಚೆನ್ನಮ್ಮ ಅಂದ್ಬಿಡ್ರಿ, ಸಾಲಿಗೆ ಬ್ಯಾರೆ ಹೆಸರು ಹಚ್ಚೂಣು" ಅನ್ನುವ ರಾಜಿ ನನಗೆ ಸುತರಾಂ ಒಪ್ಪಿಗೆಯಿಲ್ಲ. ಮನೆಯೊಳಗೇ ಮುಚ್ಚಿಟ್ಟ ಹೆಸರು ಅವಳದು. ಇನ್ನೊಮ್ಮೆ ಮುಚ್ಚಿಡುವುದಕ್ಕೆ ಕೂಸು ಬೇರೆ ಬೇಕೆ? ಇಡುವುದಾದರೆ ಜನನ ಪತ್ರದಲ್ಲಿ, ಹಾಜರಿ ಪುಸ್ತಕದಲ್ಲಿ, ಪಾಸ್‌ಪೋರ್ಟಿನಲ್ಲಿ ಇಡಬೇಕು. ಇಲ್ಲವಾದರೆ ಬೇರೆ ಒಳ್ಳೆಯ ಹೆಸರಿಡಲಿ, ನನಗೇನೂ ಬೇಸರವಿಲ್ಲ.

ಕೂಸಿನ ತಾಯಿಯ ಮಾತೇ ಕೊನೆಯದು, ಅದರಲ್ಲಿ ಎರಡು ಮಾತಿಲ್ಲ. ಅವಳ ಅಳುಕು ಎರಡು. ಮೊದಲನೆಯದು, "ಅಕ್ಕಾರ, ಹಿರಿಯಾರ ಹೆಸರು ಇಟ್ಕೊಂಡು ನಾ ಹೆಂಗ ಬೈಲಿ ಅದನ್ನ?" ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಕಷ್ಟ, ಅದಕ್ಕೆಂದೇ ಕರೆಯುವ ಹೆಸರು ಬೇರೆ ಇರುತ್ತದೆ. ಚಿನ್ನು ಅನ್ನಲಿ, ಪುಟ್ಟಿ ಅನ್ನಲಿ, ಬೈಯುವಾಗ ಅದೇ ಹೆಸರು ಹಿಡಿದು ಬೈಯಲಿ. ಎರಡನೆಯದು ಕಾಗದಪತ್ರದ್ದು. ಚೆನ್ನಮ್ಮ ಅಂತಲೂ ಬರೆಯುತ್ತಾರೆ, ಚನ್ನಮ್ಮ ಅಂತಲೂ ಬರೆಯುತ್ತಾರೆ. ರೈಲಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದು ಥರ, ವಿಶ್ವವಿದ್ಯಾಲಯದ್ದು ಇನ್ನೊಂದು ಥರ. ಆಧಾರಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು ಆದರೆ ಎಷ್ಟು ಅಲೆಯಬೇಕಾಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಈ ಮಾತನ್ನು ನಾನು ಒಪ್ಪುತ್ತೇನೆ. ಮೊದಲ ದಿನವೇ ಒಂದು ಸ್ಪೆಲ್ಲಿಂಗ್ ಗಟ್ಟಿ ಮಾಡಿಕೊಂಡು ಎಲ್ಲ ಕಡೆ ಅದನ್ನೇ ಬರೆಸಿದರಾಯಿತು.

ಅವಸರವೂ ಇಲ್ಲ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ತಮ್ಮನಿಗೂ ಇದನ್ನೇ ಹೇಳಿದ್ದೇನೆ.

ಶಾಲೆಯಲ್ಲಿ ಕಾಡುತ್ತಾರೆ ಎಂಬ ಅವನ ಹೆದರಿಕೆಯೊಂದು ಉಳಿಯಿತು. ಅದಕ್ಕೆ ನನ್ನ ಹತ್ತಿರ ವಾದ ಇದೆ, ಅನುಭವ ಇಲ್ಲ. ಈಚಿನ ಹತ್ತು ವರ್ಷದಲ್ಲಿ ಮಗಳಿಗೆ ಚೆನ್ನಮ್ಮ, ಮಲ್ಲಮ್ಮ, ಓಬವ್ವ, ಗಂಗವ್ವ ಅಂತ ಶಾಲೆಯ ಹೆಸರೇ ಇಟ್ಟವರು ಯಾರಾದರೂ ಇದ್ದರೆ ಬರೆಯಿರಿ. ಒಳ್ಳೆಯದಾಗಿದ್ದರೂ ಬರೆಯಿರಿ, ಮಗು ಅತ್ತುಕೊಂಡು ಬಂದಿದ್ದರೂ ಮುಚ್ಚಿಡದೆ ಬರೆಯಿರಿ. ಕೂಸಿನ ತಾಯಿ ಈ ವಾರ ಪೂರ್ತಿ ಓದುತ್ತೇನೆ ಅಂದಿದ್ದಾಳೆ.