ಕಂಪನಿಗಳ ದೇಣಿಗೆ ಮತ್ತು ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಗಳು: ಸ್ಪಷ್ಟನೆ

ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ‘ಸಿಟಿಜನ್ಸ್ ಯುನೈಟೆಡ್’ ತೀರ್ಪಿನ ನಂತರ ಅಮೆರಿಕದ ಕಂಪನಿಗಳು ಅಧ್ಯಕ್ಷೀಯ ಅಭ್ಯರ್ಥಿಗಳಿಗೆ ನೇರವಾಗಿ ಎಷ್ಟು ಬೇಕಾದರೂ ಹಣ ಕೊಡಬಹುದು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಕಂಪನಿಯ ಬೊಕ್ಕಸದಿಂದ ಅಭ್ಯರ್ಥಿಗೆ ದೇಣಿಗೆ ಕೊಡುವುದನ್ನು 1907ರ ಟಿಲ್‌ಮನ್ ಕಾಯ್ದೆಯೇ ನಿಷೇಧಿಸಿದ್ದು, ಆ ನಿಷೇಧ ಇಂದಿಗೂ ಉಳಿದಿದೆ. ಕಾಯ್ದೆ ಹುಟ್ಟಿದ ಬಗೆ ಗಮನಾರ್ಹ: 1904ರ ಚುನಾವಣೆಯಲ್ಲಿ ಥಿಯೋಡರ್ ರೂಸ್‌ವೆಲ್ಟ್ ಅವರ ಪ್ರಚಾರಕ್ಕೆ ದೊಡ್ಡ ಕಂಪನಿಗಳ ಹಣ ಹರಿದುಬರುತ್ತಿದೆ ಎಂದು ಎದುರಾಳಿ ಆಲ್ಟನ್ ಪಾರ್ಕರ್ ಆರೋಪಿಸಿದ್ದರು, ಮರುವರ್ಷ ನ್ಯೂಯಾರ್ಕ್‌ನಲ್ಲಿ ನಡೆದ ವಿಮಾ ಕಂಪನಿಗಳ ವಿಚಾರಣೆಯಲ್ಲಿ, ಪಾಲಿಸಿದಾರರ ದುಡ್ಡೇ ಅವರ ಪಕ್ಷದ ನಿಧಿ ಸೇರಿದ್ದು ಬಯಲಾಯಿತು, ಬಳಿಕ ಆ ಚುನಾವಣೆ ಗೆದ್ದಿದ್ದ ರೂಸ್‌ವೆಲ್ಟ್ ಅವರೇ ಇಂಥ ದೇಣಿಗೆಯನ್ನು ನಿಷೇಧಿಸುವಂತೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸನ್ನು ಕೋರಿದರು. ಇದರಲ್ಲಿ ಪಶ್ಚಾತ್ತಾಪಕ್ಕಿಂತ ರಾಜಕೀಯ ಜಾಣತನವೇ ಹೆಚ್ಚಿತ್ತೆಂದು ನನಗನಿಸುತ್ತದೆ.

2010ರ ತೀರ್ಪು ಅವಕಾಶ ಕೊಟ್ಟದ್ದು, ಅಭ್ಯರ್ಥಿಯೊಡನೆ ಸಮಾಲೋಚಿಸದೆ ಕಂಪನಿಗಳು ಪ್ರತ್ಯೇಕವಾಗಿ ಮಾಡುವ ಪ್ರಚಾರ ವೆಚ್ಚಕ್ಕೆ ಮಾತ್ರ. ಅದೇ ವರ್ಷದ ಮತ್ತೊಂದು ತೀರ್ಪಿನಿಂದ ‘ಸೂಪರ್ ಪ್ಯಾಕ್’ಗಳು, ಅಂದರೆ ಮಿತಿಯಿಲ್ಲದೆ ಹಣ ಸಂಗ್ರಹಿಸಿ ಇಂಥ ಪ್ರತ್ಯೇಕ ಪ್ರಚಾರಕ್ಕೆ ಖರ್ಚು ಮಾಡುವ ಸಂಘಟನೆಗಳು, ಹುಟ್ಟಿಕೊಂಡವು. 2024ರಲ್ಲಿ ಒಬ್ಬ ವ್ಯಕ್ತಿ ಒಂದು ಚುನಾವಣೆಗೆ ಅಭ್ಯರ್ಥಿಯೊಬ್ಬರಿಗೆ ಗರಿಷ್ಠ 3,300 ಡಾಲರ್ ಕೊಡಬಹುದಿತ್ತು. ಅದೇ ಅಭ್ಯರ್ಥಿಯ ಪರವಾದ ಸೂಪರ್ ಪ್ಯಾಕ್‌ಗೆ ಕೋಟಿಗಟ್ಟಲೆ ಸುರಿಯಲು ಅಡ್ಡಿಯಿರಲಿಲ್ಲ. ಅಭ್ಯರ್ಥಿಗಳ ಆಪ್ತರೇ ಇವುಗಳನ್ನು ನಡೆಸಿದ ನಿದರ್ಶನಗಳಿರುವುದರಿಂದ, ಅಭ್ಯರ್ಥಿಗೂ ಸೂಪರ್ ಪ್ಯಾಕ್‌ಗೂ ನಡುವಿನ ಈ ಅಂತರ ಎಷ್ಟು ನಿಜವೆಂದು ಕೇಳುವುದು ನ್ಯಾಯವೇ. ಆದರೆ ಅದು ಬೇರೆಯದೇ ಆಕ್ಷೇಪ, ನೇರ ದೇಣಿಗೆ ಕಾನೂನುಬದ್ಧವಾಗಿದೆ ಎಂಬುದಕ್ಕೆ ಆಧಾರವಲ್ಲ.