ಗೋಳಗುಮ್ಮಟದಲ್ಲೂ ಇಂಥದ್ದು ಮಾಡಿ
ಶಾಲಾ ಹಬ್ಬದಲ್ಲಿ ಚಿತ್ರಕಲೆ, ವಿಜ್ಞಾನ ಎರಡನ್ನೂ ಸೇರಿಸಿ ಮಕ್ಕಳಿಗೆ ಕಾರ್ಯಾಗಾರ ಮಾಡಿದ್ದು ಓದಿ ತುಂಬಾ ಖುಷಿಯಾಯಿತು. ನಮ್ಮ ವಿಜಯಪುರದ ಶಾಲೆಗಳೂ ಮಾಡಬೇಕು, ಗೋಳಗುಮ್ಮಟ ಇಲ್ಲೇ ಇದೆ ಅಲ್ವಾ? ಮಕ್ಕಳು ಹಾಳೆಯ ಮೇಲೆ ಒಂದು ಚೌಕ ಬರೆಯಲಿ, ಅದರ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಬರೆಯಲಿ, ಎಂಟು ಮೂಲೆಯ ನಕ್ಷತ್ರ ಬರುತ್ತದೆ, ಆಮೇಲೆ ಒಳಗೆ ನಿಂತು ತಲೆ ಎತ್ತಿದರೆ ಅಷ್ಟು ದೊಡ್ಡ ಗುಮ್ಮಟವನ್ನು ಹೊತ್ತ ಕಮಾನುಗಳಲ್ಲಿ ಅದೇ ವಿನ್ಯಾಸ ಕಾಣುತ್ತದೆ. ಈಗ ಪ್ರವಾಸಕ್ಕೆ ಬಂದ ಮಕ್ಕಳು ಗುಮ್ಮಟದ ಒಳಸುತ್ತಿನ ಪಿಸುಮಾತಿನ ಗ್ಯಾಲರಿಗೆ ಹತ್ತಿ ಸುಮ್ನೆ ಕೂಗಿ ಇಳಿಯುತ್ತಾರೆ. ಪಿಸುಮಾತು ದುಂಡನೆಯ ಗೋಡೆಗುಂಟ ಆಚೆ ಬದಿಗೆ ಹೇಗೆ ತಲುಪುತ್ತದೆ ಅಂತ ಅವರಿಗೆ ಯಾರಾದರೂ ಹೇಳಬೇಕು. ಡ್ರಾಯಿಂಗ್ ಸರ್, ಗಣಿತದ ಟೀಚರ್ ಇಬ್ಬರೂ ಜೊತೆಗೆ ಬರಲಿ. ಕಂಪಾಸ್ ಬಾಕ್ಸ್ ಇದ್ದರೆ ಸಾಕು, ಖರ್ಚೂ ಜಾಸ್ತಿ ಆಗಲ್ಲ.