ಕ್ಷೀರಸಾಗರಕ್ಕೊಂದು ಕ್ವಾರ್ಟರ್

ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಅಮ್ಮನ ಹೊರತು ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ದಿನಾ ಬೆಳಗ್ಗೆ ಹಾಲು ಕಾಯಿಸಿ, ಆರಿದ ಮೇಲೆ ಕಟ್ಟಿದ ಕೆನೆಯನ್ನು ಚಮಚದ ತುದಿಯಲ್ಲಿ ಎತ್ತಿ ಅದರೊಳಗೆ ಬಿಡುತ್ತಾಳೆ. ಹತ್ತು ಹದಿನೈದು ದಿನಕ್ಕೆ ಡಬ್ಬಿ ತುಂಬುತ್ತದೆ. ಆಮೇಲೆ ಹೆಪ್ಪು, ಮಿಕ್ಸಿ, ಬೆಣ್ಣೆ, ತುಪ್ಪ. ಇನ್ನೊಂದು ಕಡೆ, ನನ್ನ ಕೋಣೆಯ ಬೀರುವಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ, ಒಂದು ವಿಸ್ಕಿ ಬಾಟಲಿ ಇದೆ. ಅದು ಅಲ್ಲಿರುವುದು ಅಮ್ಮನಿಗೆ ಗೊತ್ತು. ಅವಳಿಗೆ ಗೊತ್ತು ಅನ್ನುವುದು ನನಗೂ ಗೊತ್ತು. ಇಬ್ಬರೂ ಸೇರಿ ಇಷ್ಟು ವರ್ಷ ಸೂಟ್‌ಕೇಸಿನ ಮರ್ಯಾದೆ ಕಾಪಾಡಿಕೊಂಡು ಬಂದಿದ್ದೇವೆ. ಆ ಡಬ್ಬಿಗೂ ಈ ಬಾಟಲಿಗೂ ನಡುವೆ ಅಳತೆಯಲ್ಲಿ ಇಪ್ಪತ್ತಡಿ, ಬೇರೆ ಲೆಕ್ಕದಲ್ಲಿ ಒಂದು ಸಮುದ್ರ. ಎರಡನ್ನೂ ಒಂದೇ ಪಾತ್ರೆಗೆ ತರಬೇಕೆಂಬ ದುರ್ಬುದ್ಧಿ ನನಗೆ ಬಂತು.

ಮೂಲ ಕಾರಣ ಗೆಳೆಯನೊಬ್ಬ. ಡ್ಯೂಟಿ ಫ್ರೀ ಅಂಗಡಿಯಿಂದ ಬೈಲೀಸ್ ಐರಿಶ್ ಕ್ರೀಮ್ ತಂದಿದ್ದ, ವಿಸ್ಕಿಗೆ ಕ್ರೀಮ್ ಬೆರೆಸಿದ ಸಿಹಿ ಮದ್ಯ. ಸಣ್ಣ ಗ್ಲಾಸಿನಲ್ಲಿ ಎರಡು ಐಸ್ ತುಂಡು ಹಾಕಿ ಸುರಿದುಕೊಟ್ಟ. ನೋಡಿದರೆ ಹಾಲು ಜಾಸ್ತಿಯಾದ ಕಾಫಿ. ಬಾಯಿಗಿಟ್ಟರೆ ಮೊದಲು ಕೆನೆ, ಅದರ ಹಿಂದೆ ಚಾಕಲೇಟು, ಇಷ್ಟೇ ತಾನೇ ಅಂದುಕೊಂಡು ನುಂಗುವ ಹೊತ್ತಿಗೆ ಗಂಟಲಲ್ಲಿ ಸಣ್ಣಗೆ ಒಂದು ಕಾವು. ನನಗೆ ಥಟ್ಟನೆ ನೆನಪಾದದ್ದು ಮದುವೆ ಮನೆಯ ಗಸಗಸೆ ಪಾಯಸ. ಅದೂ ಹೀಗೆಯೇ, ಕಾಯಿಹಾಲು ಬೆಲ್ಲದ ಸಾತ್ವಿಕ ಮುಖ ಹೊತ್ತು ಎಲೆಗೆ ಬರುತ್ತದೆ, ಕೈ ತೊಳೆದು ಅರ್ಧ ಗಂಟೆಯಾಗುವಷ್ಟರಲ್ಲಿ ಹಿರಿಯರನ್ನೆಲ್ಲ ಛತ್ರದ ಜಮಖಾನದ ಮೇಲೆ ಉರುಳಿಸುತ್ತದೆ.

ಇಷ್ಟು ಹದವಾದ ಪದಾರ್ಥ ಅಂದರೆ ಐರ್ಲೆಂಡಿನ ಯಾವುದೋ ಹಳ್ಳಿಯ ಅಜ್ಜಿಯರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದದ್ದೇ ಇರಬೇಕು ಅಂದುಕೊಂಡಿದ್ದೆ. ಅಜ್ಜಿಯೂ ಇಲ್ಲ, ಹಳ್ಳಿಯೂ ಇಲ್ಲ. ಹುಟ್ಟಿದ್ದು 1973ರಲ್ಲಿ, ಅದೂ ಲಂಡನ್ನಿನ ಸೋಹೋದ ಒಂದು ಆಫೀಸಿನಲ್ಲಿ. ಗಿಲ್ಬೀಸ್ ಆಫ್ ಐರ್ಲೆಂಡ್ ಕಂಪನಿಗೆ ರಫ್ತು ಮಾಡಲು ಹೊಸದೊಂದು ಪಾನೀಯ ಬೇಕಿತ್ತು. ಅದನ್ನು ಯೋಚಿಸುವ ಗುತ್ತಿಗೆ ಡೇವಿಡ್ ಗ್ಲಕ್‌ಮನ್ ಮತ್ತು ಹ್ಯೂ ಸೇಮೋರ್-ಡೇವಿಸ್ ಎಂಬ ಜೋಡಿಯದು. ಇಬ್ಬರೂ ಹತ್ತಿರದ ಅಂಗಡಿಗೆ ಹೋಗಿ ಒಂದು ಬಾಟಲಿ ಜೇಮ್ಸನ್ ವಿಸ್ಕಿ, ಒಂದಿಷ್ಟು ಕ್ರೀಮ್ ತಂದು ಕಲಸಿದರು. ಬಾಯಿಗಿಡುವ ಹಾಗಿರಲಿಲ್ಲ. ಮತ್ತೆ ಅಂಗಡಿಗೆ ಓಡಿ ಸಕ್ಕರೆ, ಕ್ಯಾಡ್‌ಬರಿಯ ಡ್ರಿಂಕಿಂಗ್ ಚಾಕಲೇಟ್ ಪುಡಿ ತಂದು ಸುರಿದರು. ಕುದುರಿತು! ಶುರುವಿನಿಂದ ಕೊನೆಯವರೆಗೆ ಮುಕ್ಕಾಲು ಗಂಟೆ. ಮರುವರ್ಷವೇ ಅದು ಮಾರುಕಟ್ಟೆಯಲ್ಲಿತ್ತು. ಲೇಬಲ್ಲಿನ ಮೇಲೆ ಆರ್. ಎ. ಬೈಲಿ ಎಂದು ಗತ್ತಿನ ಸಹಿ ಇದೆಯಲ್ಲ, ಆ ಹೆಸರಿನ ಮಹಾನುಭಾವನೇ ಇಲ್ಲ. ಮುಕ್ಕಾಲು ಗಂಟೆಯಲ್ಲಿ ನಮ್ಮಲ್ಲಿ ನೆಟ್ಟಗೆ ಒಂದು ಬಿಸಿಬೇಳೆ ಬಾತ್ ಆಗುವುದಿಲ್ಲ. ಇದನ್ನು ತಿಳಿದ ಮೇಲೆ ನನಗೆ ಎಲ್ಲಿಲ್ಲದ ಧೈರ್ಯ ಬಂತು.

ಅಮ್ಮ ಎರಡು ದಿನಕ್ಕೆಂದು ಮೈಸೂರಿಗೆ ಹೋದಳು. ಡಬ್ಬಿ ಮುಕ್ಕಾಲು ತುಂಬಿತ್ತು. ಅರ್ಧ ಟಿನ್ ಕಂಡೆನ್ಸ್ಡ್ ಮಿಲ್ಕ್, ಎರಡು ಚಮಚ ಕೋಕೋ ಪುಡಿ, ಬೆಳಗಿನ ಫಿಲ್ಟರಿನಲ್ಲಿ ಉಳಿದಿದ್ದ ಡಿಕಾಕ್ಷನ್ನು, ನಾಲ್ಕು ಹನಿ ವೆನಿಲಾ, 180 ಮಿಲಿಲೀಟರ್ ವಿಸ್ಕಿ, ಅಂದರೆ ನಮ್ಮ ನಾಡಭಾಷೆಯಲ್ಲಿ ಒಂದು ಕ್ವಾರ್ಟರ್. ಇವುಗಳ ಜೊತೆಗೆ ಅಮ್ಮನ ಅಷ್ಟೂ ಕೆನೆ. ಎಲ್ಲವನ್ನೂ ಮಿಕ್ಸಿಯ ದೊಡ್ಡ ಜಾರಿಗೆ ಹಾಕಿ ತಿರುಗಿಸಿದೆ. ಮೊದಲು ನುಣ್ಣಗೆ ಜುಯ್ ಅನ್ನುತ್ತಿತ್ತು. ಇನ್ನೂ ಸ್ವಲ್ಪ ನುಣ್ಣಗಾಗಲಿ ಅಂದುಕೊಂಡೆ. ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಆ ‘ಇನ್ನೂ ಸ್ವಲ್ಪ’. ಒಂದು ಗಳಿಗೆಯಲ್ಲಿ ಜಾರಿನ ಸದ್ದು ಬದಲಾಯಿತು. ಜುಯ್ ಹೋಗಿ ದಬದಬ ಬಂತು. ಬೆಣ್ಣೆ ತೆಗೆದವರಿಗೆ ಆ ಸದ್ದಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮುಚ್ಚಳ ತೆಗೆದರೆ ಕಂದು ಬಣ್ಣದ ನೀರು, ಅದರ ಮೇಲೆ ತೇಲುವ ಬೆಣ್ಣೆಯ ಮುದ್ದೆ.

ಕನ್ನಡದಲ್ಲಿ ಎರಡಕ್ಕೂ ಕೆನೆ ಅಂದುಬಿಡುತ್ತೇವೆ, ನಾನು ಬಿದ್ದ ಹಳ್ಳ ಅದೇ. ಕಾಯಿಸಿದ ಹಾಲಿನ ಮೇಲೆ ಕಟ್ಟುವುದು ಒಂದು ಪದರ. ಅದರಲ್ಲಿ ಜಿಡ್ಡಿನ ಜೊತೆಗೆ ಬಿಸಿಗೆ ಗಟ್ಟಿಯಾದ ಹಾಲಿನ ಪ್ರೋಟೀನೂ ಹೆಣೆದುಕೊಂಡಿರುತ್ತದೆ. ಡೈರಿಯ ಕ್ರೀಮ್ ಹಾಗಲ್ಲ, ಹಾಲನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಹಗುರವಾದ ಜಿಡ್ಡಿನ ಪಾಲನ್ನು ನಯವಾಗಿ ಬೇರ್ಪಡಿಸಿದ್ದು. ಅಲ್ಲದೆ ಕಾರ್ಖಾನೆಯವರು ಐರಿಶ್ ಕ್ರೀಮಿನ ಜಿಡ್ಡಿನ ಹನಿಗಳನ್ನು ಒತ್ತಡದಲ್ಲಿ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣದು ಮಾಡುತ್ತಾರೆ. ಒಂದನ್ನೊಂದು ಹುಡುಕಿಕೊಂಡು ಹೋಗಿ ಬೆಣ್ಣೆಯಾಗುವ ಶಕ್ತಿಯೇ ಅವಕ್ಕೆ ಉಳಿಯುವುದಿಲ್ಲ. ನಮ್ಮ ಡಬ್ಬಿಯ ಕೆನೆ ಹುಟ್ಟಿದಾಗಿನಿಂದ ಬೆಣ್ಣೆಯಾಗಬೇಕೆಂದೇ ಕಾದು ಕುಳಿತದ್ದು. ಅದಕ್ಕೆ ವಿಸ್ಕಿ ಕಂಡರೇನು, ಮಜ್ಜಿಗೆ ಕಂಡರೇನು.

ಮಜ್ಜಿಗೆ ಅಂದಾಗ ನೆನಪಾಯಿತು. ಬೆಣ್ಣೆ ತೆಗೆದ ಮೇಲೆ ಉಳಿಯುವುದಕ್ಕೆ ಮಜ್ಜಿಗೆ ಅನ್ನದೆ ಬೇರೇನು ಅನ್ನಬೇಕು? ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರಂತೆ. ನಾನು ದೇವರ ಗೂಡಿನ ಪಕ್ಕದ ಅಡುಗೆಮನೆಯಲ್ಲಿ, ಮಣೆಯ ಮೇಲೆ ಕೂತು, ಶಾಸ್ತ್ರೋಕ್ತವಾಗಿ ಬೆಣ್ಣೆ ತೆಗೆದ ಮಜ್ಜಿಗೆಯನ್ನೇ ಕುಡಿದೆ. ಯಾರಾದರೂ ನೋಡಿದ್ದರೆ ಎಂಥ ಒಳ್ಳೆಯ ಹುಡುಗ ಅನ್ನುತ್ತಿದ್ದರು. ರುಚಿ ಕೆಟ್ಟದಾಗಿರಲಿಲ್ಲ. ಬೆಣ್ಣೆಯ ಪರಿಮಳ ವಿಸ್ಕಿಗೆ ಹತ್ತಿ ಅದರ ಕೊಂಕು ಮುರಿದಿತ್ತು. ಹೀಗೆ ಮದ್ಯವನ್ನು ಜಿಡ್ಡಿನಲ್ಲಿ ಅದ್ದಿ, ತಣ್ಣಗಾದ ಮೇಲೆ ಜಿಡ್ಡನ್ನು ಸೋಸಿ ಎಸೆಯುವುದಕ್ಕೆ ಬಾರಿನವರು ಫ್ಯಾಟ್ ವಾಷಿಂಗ್ ಅನ್ನುತ್ತಾರೆ. ನ್ಯೂಯಾರ್ಕಿನ ಪಿಡಿಟಿ ಎಂಬ ಬಾರಿನಲ್ಲಿ ಡಾನ್ ಲೀ 2007ರಲ್ಲಿ ಹಂದಿಮಾಂಸದ ಕೊಬ್ಬಿನಿಂದ ಬೂರ್ಬನ್ ವಿಸ್ಕಿಗೆ ಈ ಸ್ನಾನ ಮಾಡಿಸಿ ಹೆಸರು ಗಳಿಸಿದ. ಒಂದೇ ವ್ಯತ್ಯಾಸ, ಅವನು ಜಿಡ್ಡನ್ನು ಎಸೆದ. ಅಮ್ಮನ ಬೆಣ್ಣೆಯನ್ನು ಎಸೆಯುವಷ್ಟು ಗಂಡೆದೆ ನನಗಿರಲಿಲ್ಲ. ನಾಲ್ಕು ನೀರಿನಲ್ಲಿ ತೊಳೆದು, ಉಂಡೆ ಕಟ್ಟಿ, ಅದೇ ಡಬ್ಬಿಗೆ ಹಾಕಿ ಅದೇ ಅರೆಯಲ್ಲಿಟ್ಟೆ.

ಅಮ್ಮ ಬಂದವಳು ಡಬ್ಬಿ ತೆಗೆದು ನೋಡಿದಳು. ನನ್ನನ್ನು ನೋಡಿದಳು. ಬೆಣ್ಣೆಯ ಬಣ್ಣ ಎಮ್ಮೆಯದಲ್ಲ, ಹಸುವಿನದಲ್ಲ, ಚಿಕ್ಕಮಗಳೂರಿನದು. ಏನೂ ಮಾತಾಡದೆ ಬಾಣಲೆಗೆ ಹಾಕಿ ಕಾಯಿಸಲು ಇಟ್ಟಳು. ನನಗೆ ಎದೆ ಡವಡವ. ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಗೆ, ನೀರು 100ಕ್ಕೆ, ನೀರೆಲ್ಲ ಹೋಗದೆ ತುಪ್ಪವಾಗುವುದಿಲ್ಲ, ಆದ್ದರಿಂದ ಅಷ್ಟರೊಳಗೆ ಸಾಕ್ಷ್ಯನಾಶ ಆಗಿಬಿಡುತ್ತದೆ ಅಂತ ಬಾಗಿಲ ಬಳಿ ನಿಂತು ಮನಸ್ಸಿನಲ್ಲೇ ವಿಜ್ಞಾನ ಜಪಿಸುತ್ತಿದ್ದೆ. ಕೊನೆಗೆ ಒಂದು ವೀಳ್ಯದೆಲೆ ಹಾಕಿ ಚಟಪಟ ಅನ್ನಿಸಿ ಇಳಿಸಿದಳು. “ಈ ಸಲ ತುಪ್ಪ ಗಮ್ಮಂತಿದೆ” ಅಂದಳು. ಅಷ್ಟೇ. ಆ ವಾರ ಮನೆಗೆ ಬಂದ ಸೋದರತ್ತೆ ಒಬ್ಬಟ್ಟಿನ ಮೇಲೆ ಅದನ್ನು ಮೂರು ಸಲ ಹಾಕಿಸಿಕೊಂಡರು.

ಎರಡನೆಯ ಸಲ ಮರ್ಯಾದೆಯಾಗಿ ಅಂಗಡಿಯ ಕ್ರೀಮ್ ತಂದೆ. 200 ಮಿಲಿಲೀಟರಿನ ಪೊಟ್ಟಣ, ಜಿಡ್ಡು ನೂರಕ್ಕೆ 25. ಮಿಕ್ಸಿಯನ್ನು ದೂರ ಸರಿಸಿ ಅಜ್ಜಿಯ ಕಾಲದ ಮರದ ಕಡೆಗೋಲು ಹುಡುಕಿದೆ. ಡಿಕಾಕ್ಷನ್ ಹೊಸದಾಗಿ ಇಳಿಸಿ ಪೂರ್ತಿ ಆರಿಸಿದೆ, ಹಳೆಯದಾದಷ್ಟೂ ಅದು ಹುಳಿಗೆ ತಿರುಗುತ್ತದೆ, ಬಿಸಿಯೂ ಹುಳಿಯೂ ಸೇರಿದರೆ ಹಾಲಿನ ಗತಿ ನಮಗೆಲ್ಲ ಗೊತ್ತು. ಕಂಡೆನ್ಸ್ಡ್ ಮಿಲ್ಕಿಗೆ ಕೋಕೋ, ಡಿಕಾಕ್ಷನ್ ಕಲಸಿ, ಕ್ರೀಮ್ ಸೇರಿಸಿ, ಕೊನೆಯಲ್ಲಿ ವಿಸ್ಕಿಯನ್ನು ಅಭಿಷೇಕದ ಹಾಗೆ ಎಳೆಯಾಗಿ ಬಿಡುತ್ತಾ ಕಡೆಗೋಲು ಆಡಿಸಿದೆ. ಒಂದೇ ಸಲ ಸುರಿದರೆ ಕ್ರೀಮ್ ಬೆದರುತ್ತದೆ. ಇದು ಬರೀ ಅಡುಗೆಯವರ ಭಯವಲ್ಲ. ಡೈರಿಗಳಲ್ಲಿ ಹಾಲು ಬಂದೊಡನೆ ಮಾಡುವ ಪರೀಕ್ಷೆಗಳಲ್ಲೊಂದು ಇದೇ. ನಳಿಕೆಯಲ್ಲಿ ಒಂದು ಪಾಲು ಹಾಲು, ಒಂದು ಪಾಲು ಆಲ್ಕೋಹಾಲ್ ಹಾಕಿ ಅಲುಗಿಸುತ್ತಾರೆ. ಸಾಮಾನ್ಯವಾಗಿ ಅದು ನೂರಕ್ಕೆ 68ರ ಖಡಕ್ ಸರಕು. ಹಾಲು ನೆಟ್ಟಗಿದ್ದರೆ ಸುಮ್ಮನಿರುತ್ತದೆ, ಒಳಗೊಳಗೇ ಕೆಟ್ಟಿದ್ದರೆ ತರಿತರಿಯಾಗಿ ಬಯಲಾಗುತ್ತದೆ. ಹಾಲಿನ ಗುಣ ತಿಳಿಯಲು ಹೆಂಡದ ಸಾಕ್ಷಿ ಕೇಳುತ್ತಾರೆ ಅಂದರೆ ಅಮ್ಮ ಇವತ್ತಿಗೂ ನಂಬುವುದಿಲ್ಲ. ನನ್ನ ವಿಸ್ಕಿ 42.8ರದ್ದು, ನಮ್ಮಲ್ಲಿ ಬಹುತೇಕ ಬಾಟಲಿಗಳ ಮೇಲೆ ಕಾಣುವ ಸಂಖ್ಯೆ. ಎಲ್ಲ ಬೆರೆತ ಮೇಲೆ ಹದಿನಾಲ್ಕರ ಆಸುಪಾಸಿಗೆ ಇಳಿಯಿತು. ಬೈಲೀಸ್ 17.

ಕೆನೆಯ ವಿಷಯದಲ್ಲಿ ಸೋತವನು ನಾನೊಬ್ಬನೇ ಅಲ್ಲ ಅನ್ನುವುದು ಒಂದು ಸಮಾಧಾನ. ಐರ್ಲೆಂಡಿನ ಫಾಯ್ನ್ಸ್ ಎಂಬಲ್ಲಿ, ನೀರಿನ ಮೇಲೆ ಇಳಿಯುವ ವಿಮಾನಗಳ ನಿಲ್ದಾಣದಲ್ಲಿ, ಜೋ ಶೆರಿಡನ್ ಎಂಬ ಬಾಣಸಿಗ 1940ರ ದಶಕದಲ್ಲಿ ಚಳಿಗೆ ನಡುಗುವ ಪ್ರಯಾಣಿಕರಿಗೆ ಐರಿಶ್ ಕಾಫಿ, ಅಂದರೆ ವಿಸ್ಕಿ ಬೆರೆಸಿದ ಬಿಸಿ ಕಾಫಿ, ಮಾಡಿಕೊಟ್ಟ. ಅದನ್ನು 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಯೂನಾ ವಿಸ್ಟಾ ಕೆಫೆಯವರು ಮಾಡಹೊರಟರೆ ಮೇಲೆ ತೇಲಬೇಕಾದ ಕ್ರೀಮ್ ಮುಳುಗುತ್ತಲೇ ಇತ್ತು. ಕೊನೆಗೆ ದಾರಿ ತೋರಿಸಿದವನು ಹಾಲಿನವನು! ಮುಂದೆ ಆ ಊರಿನ ಮೇಯರ್ ಆದ ಜಾರ್ಜ್ ಕ್ರಿಸ್ಟಫರ್ ಡೈರಿಯ ಒಡೆಯ. ಕ್ರೀಮನ್ನು 48 ಗಂಟೆ ಹಾಗೇ ಬಿಟ್ಟು ಆಮೇಲೆ ಹದವಾಗಿ ನೊರೆ ಬರಿಸಿದರೆ ತೇಲುತ್ತದೆ ಅಂತ ಕಂಡುಕೊಂಡರು. ನಾನೂ ನಮ್ಮ ಮನೆಯ ಹಾಲಿನ ಇಲಾಖೆಯನ್ನು ಮೊದಲೇ ಕೇಳಬಹುದಿತ್ತು.

ಯಾವ ವಿಸ್ಕಿ ಹಾಕಬೇಕು? ನಮ್ಮ ಸಾಧಾರಣ ವಿಸ್ಕಿಯ ಬೆನ್ನೆಲುಬು ಬಹುಪಾಲು ಕಾಕಂಬಿಯ ಸ್ಪಿರಿಟ್ಟು, ಅಂದರೆ ಕಬ್ಬಿನ ಸಂತಾನ. ಯುರೋಪಿನವರು ಅದನ್ನು ವಿಸ್ಕಿ ಅಂತ ಒಪ್ಪುವುದೇ ಇಲ್ಲ. ಒಪ್ಪದಿದ್ದರೆ ಬಿಡಲಿ. ಸಿಹಿ ಪದಾರ್ಥದೊಳಗೆ ಅದು ಪರಕೀಯವಲ್ಲ, ಸಕ್ಕರೆಯ ಒಡಹುಟ್ಟು, ಬೆಲ್ಲದ ದಾಯಾದಿ. ನಾನು ಹಾಕಿದ್ದು ಅದನ್ನೇ. ಗೆಳೆಯ ಅಮೃತ್ ಸಿಂಗಲ್ ಮಾಲ್ಟ್ ಹಾಕು ಅಂದ. ಮೈಸೂರು ರಸ್ತೆಯ ಕಂಬೀಪುರದಲ್ಲಿ ಬಾರ್ಲಿಯಿಂದ ಇಳಿಸಿ, 2004ರಲ್ಲಿ ನೇರವಾಗಿ ಗ್ಲಾಸ್ಗೋಗೇ ಹೋಗಿ ಬಿಡುಗಡೆ ಮಾಡಿದ ವಿಸ್ಕಿ ಅದು. ಪೀಪಾಯಿಯಿಂದ ಆವಿಯಾಗಿ ಹೋಗುವುದನ್ನು ಆ ಕಸುಬಿನವರು ದೇವದೂತರ ಪಾಲು ಅನ್ನುತ್ತಾರೆ. ಸ್ಕಾಟ್ಲೆಂಡಿನ ದೇವದೂತರು ವರ್ಷಕ್ಕೆ ನೂರಕ್ಕೆ ಎರಡರಲ್ಲಿ ತೃಪ್ತರು, ಬೆಂಗಳೂರಿನವರಿಗೆ ಹತ್ತು ಹನ್ನೆರಡು ಬೇಕು. ಇಷ್ಟೆಲ್ಲ ಕಂದಾಯ ಕಟ್ಟಿ ಉಳಿದದ್ದನ್ನು ಕಂಡೆನ್ಸ್ಡ್ ಮಿಲ್ಕಿಗೆ ಹಾಕುವುದು ಪಾಪ ಅನ್ನಿಸಿತು.

ಆದರೆ ಆ ಹೆಸರು ಕಡೆಗೋಲಿನ ಜೊತೆ ಸುತ್ತತೊಡಗಿತು. ಕ್ಷೀರಸಾಗರ ಕಡೆದಾಗ ಅಮೃತ ಬಂತು ಅನ್ನುವುದಷ್ಟೇ ನಮಗೆ ಹೇಳಿಕೊಟ್ಟಿರುತ್ತಾರೆ. ಅದೇ ಹಾಲಿನಿಂದ ವಾರುಣಿಯೂ ಎದ್ದಳು, ಮದ್ಯದ ಅಧಿದೇವತೆ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ದಿತಿಯ ಮಕ್ಕಳು ಅವಳನ್ನು ಒಲ್ಲೆವೆಂದರು, ಅದಕ್ಕೇ ಅಸುರರಾದರು. ಅದಿತಿಯ ಮಕ್ಕಳು ಸ್ವೀಕರಿಸಿ ಸುರರಾದರು. ಭಾಗವತಕ್ಕೆ ಬಂದರೆ ತಿರುವುಮುರುವು, ಅಲ್ಲಿ ಅವಳನ್ನು ಕರೆದುಕೊಂಡು ಹೋದವರು ಅಸುರರು. ನಡುವೆ ಎಲ್ಲೋ ದೇವತೆಗಳ ಮನೆಯಲ್ಲೂ ಬಾಟಲಿ ಸೂಟ್‌ಕೇಸಿನ ಹಿಂದಕ್ಕೆ ಸರಿದಿರಬೇಕು.

ಗೆಳೆಯನಿಗೆ ಒಂದು ಗ್ಲಾಸು ಕೊಟ್ಟೆ. ಅವನು ನಿಷ್ಠಾವಂತ ಕುಡುಕ, ಸೋಡಾ ಹಾಕಿದರೂ ಮುಖ ಸಿಂಡರಿಸುವ ಪೈಕಿ. ಗುಟುಕರಿಸಿ, ಕಣ್ಣು ಮುಚ್ಚಿ, “ಹಾಲು ಹಾಕದೇ ಇದ್ದಿದ್ರೆ ಚೆನ್ನಾಗಿರ್ತಿತ್ತು” ಅಂದ. ಗ್ಲಾಸು ಮಾತ್ರ ಖಾಲಿ. ಅಮ್ಮ ಅಡುಗೆಮನೆಯಿಂದಲೇ ಎಲ್ಲ ನೋಡುತ್ತಿದ್ದಳು. ಅವನು ಹೋದ ಮೇಲೆ ಪಾತ್ರೆಯಂಚಿಗೆ ಮೆತ್ತಿದ್ದನ್ನು ಬೆರಳಿನಲ್ಲಿ ಸವರಿ ನಾಲಿಗೆಗಿಟ್ಟುಕೊಂಡಳು. ಸ್ವಲ್ಪ ಹೊತ್ತು ಯೋಚಿಸಿ, “ಸಿಹಿ ಸರಿಯಾಗಿದೆ. ಅದನ್ನೊಂದು ಹಾಕದೇ ಇದ್ದಿದ್ರೆ ಚೆನ್ನಾಗಿರ್ತಿತ್ತು” ಅಂದಳು. ಎರಡೂ ತೀರ್ಪು ನಾನು ಒಪ್ಪುವುದಿಲ್ಲ. ಊಟವಾದ ಮೇಲೆ, ಮಳೆ ಹಿಡಿದ ರಾತ್ರಿ, ನಾಲ್ಕು ಚಮಚದಷ್ಟು, ಐಸಿನ ಮೇಲೆ. ಅದಕ್ಕಿಂತ ಜಾಸ್ತಿ ಹೋಗಲಾರದು, ಮೂರನೆಯ ಬಟ್ಟಲು ಪಾಯಸದ ಹಾಗೆ ಅದೇ ನಮ್ಮನ್ನು ತಡೆಯುತ್ತದೆ.

ಉಳಿದದ್ದನ್ನು ಬಾಟಲಿಗೆ ತುಂಬಿ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿದ್ದೇನೆ, ಮೊಸರಿನ ಪಕ್ಕ. ಕಾರ್ಖಾನೆಯದು ಎರಡು ವರ್ಷ ಬರುತ್ತದಂತೆ, ಮನೆಯದಕ್ಕೆ ನಾನು ಒಂದು ವಾರದ ಗಡುವು ಕೊಟ್ಟಿದ್ದೇನೆ. ಮೂರನೆಯ ದಿನ ಬೆಳಗ್ಗೆ ಬಗ್ಗಿಸಿದರೆ ಬೀಳಲೊಲ್ಲದು. ಜಿಡ್ಡೆಲ್ಲ ಮೇಲೆ ಬಂದು ಬಾಟಲಿಯ ಕತ್ತಿನಲ್ಲಿ ಬಿರಡೆಯ ಹಾಗೆ ಕೂತಿತ್ತು. ಅಲುಗಿಸಿದೆ, ಕುಟ್ಟಿದೆ. ಹಾಲು ಕಾಯಿಸುತ್ತಿದ್ದ ಅಮ್ಮ ಒಲೆ ಸಣ್ಣ ಮಾಡಿ, ನನ್ನ ಕೈಯಿಂದ ಬಾಟಲಿ ಇಸಿದುಕೊಂಡು, ಚಮಚದ ಹಿಡಿಯನ್ನು ಕತ್ತಿನೊಳಗೆ ತೂರಿಸಿ ಒಂದು ಸುತ್ತು ತಿರುಗಿಸಿದಳು. ಕೆನೆಯ ಬಿಲ್ಲೆ ಇಡಿಯಾಗಿ ಹೊರಗೆ ಬಂತು. ಬಾಟಲಿಯನ್ನು ನನಗೆ ವಾಪಸ್ಸು ಕೊಟ್ಟು, ಬಿಲ್ಲೆಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.